ನೀರನ್ನೊಡೆಯುವ ಕಿರಣಗಳು



ಒಂದು ಸಣ್ಣ ಲೆಕ್ಕದಿಂದ ಈ ಭಾಷಣವನ್ನು ಮೊದಲುಮಾಡುತ್ತೇನೆ. ಎಕ್ಸ್ ಕಿರಣಗಳಾಗಲಿ, ರೇಡಿಯಂ ಮೊದಲಾದ ವಸ್ತುಗಳಿಂದ ಹೊರಡುವ ಗ್ಯಾಮಾ ಕಿರಣಗಳಾಗಲಿ ಮನುಷ್ಯನ ಇಡೀ ಮೈಮೇಲೆ ಒಮ್ಮೆಗೇ ಬಿದ್ದರೆ ಪ್ರಾಣಕ್ಕೆ ಅಪಾಯವುಂಟೆಂಬುದನ್ನು ತಾವೆಲ್ಲರೂ ಬಲ್ಲಿರಿ. ಎಷ್ಟು ಬಿದ್ದರೆ ಅಪಾಯ? ಚಿಕಿತ್ಸೆ ದೊರೆಯದಿದ್ದ ಪಕ್ಷದಲ್ಲಿ ನೂರು ಮಂದಿಯಲ್ಲಿ ಐವತ್ತು ಮಂದಿ ಬದುಕಿ ಉಳಿಯಲಾರದ ಪ್ರಮಾಣವು ಸುಮಾರು ೪ ಗ್ರೇ ಎಂದು ವೈದ್ಯರು ಗೊತ್ತುಮಾಡಿರುತ್ತಾರೆ. ಒಂದು ಕಿಲೋಗ್ರಾಂ ವಸ್ತುವು ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡರೆ ಅದಕ್ಕೆ ಒಂದು ಗ್ರೇ ಎಂದು ಹೆಸರು. ೭೦ ಕಿಲೋಗ್ರಾಂ ತೂಗುವ ಒಬ್ಬಾತನ ದೇಹವು ಹೀಗೆ ಹೀರಿಕೊಂಡದ್ದು ೨೮೦ ಜೂಲ್, ಎಂದರೆ ೬೭ ಕ್ಯಾಲೊರಿ ಆಯಿತು. ಇದೆಲ್ಲವೂ ಶಾಖವಾಗಿ ಪರಿಣಮಿಸಿತೆಂದಿಟ್ಟುಕೊಂಡರೂ ಮೈಯ ಉಷ್ಣತೆ ಒಂದು ಡಿಗ್ರಿಯ ಸಾವಿರದಲ್ಲೊಂದು ಪಾಲಿನಷ್ಟು ಮಾತ್ರ ಏರೀತು. ಬೆಳಗಿನ ಬಿಸಿ ಕಾಫಿಯ ಒಂದು ಸಣ್ಣ ಚಮಚೆಯು ಹೊಟ್ಟೆಗೆ ಒಯ್ಯುವ ಶಾಖವೂ ಇಷ್ಟೇ. ಕಾಫಿ ಕುಡಿದು ಸತ್ತವರನ್ನು ನಾನಂತೂ ಕಂಡಿಲ್ಲ. ಹಾಗಾದರೆ ಅಷ್ಟೇ ಶಕ್ತಿಯು ಕಿರಣದ ರೂಪದಿಂದ ಒಳಹೊಕ್ಕಾಗ ಪ್ರಾಣವನ್ನೇಕೆ ತೆಗೆಯಬೇಕು?

ಈ ಒಗಟಿನ ಉತ್ತರ ದೊರೆಯುವುದು ರಸಾಯನಶಾಸ್ತ್ರದಲ್ಲಿ. ಕಿರಣವು ಕಾಯಿಸುವುದಿಲ್ಲ, ಒಡೆಯುತ್ತದೆ. ಒಡೆದ ಚೂರುಗಳು ಸುಮ್ಮನಿರದೆ ನೆರೆಹೊರೆಯನ್ನು ಕೆಡಿಸುತ್ತವೆ. ಅವು ಯಾವ ಚೂರುಗಳು, ಅವುಗಳ ಆಯುಸ್ಸೆಷ್ಟು, ಅವುಗಳನ್ನು ಮನುಷ್ಯನು ಹೇಗೆ ಕಂಡುಹಿಡಿದನು ಎಂಬುದೇ ಇಂದಿನ ವಿಷಯ.

ಕಥೆಯು ಪ್ಯಾರಿಸ್ ನಗರದಲ್ಲಿ, ಕ್ಯೂರಿ ದಂಪತಿಗಳ ಪ್ರಯೋಗಶಾಲೆಯಲ್ಲಿ ಆರಂಭವಾಗುತ್ತದೆ. ೧೮೯೮ರಲ್ಲಿ ಅವರು ರೇಡಿಯಮ್ಮನ್ನು ಗುರುತಿಸಿದರು. ಮರುವರ್ಷವೇ, ಅಂದರೆ ೧೮೯೯ರಲ್ಲಿ, ಒಂದೆರಡು ವಿಚಿತ್ರಗಳು ಅವರ ಗಮನಕ್ಕೆ ಬಂದವು. ರೇಡಿಯಂ ಬೆರೆತ ಲವಣವನ್ನು ಇಟ್ಟಿದ್ದ ಗಾಜಿನ ಸೀಸೆ ದಿನ ಕಳೆದಂತೆ ನೇರಿಳೆ ಬಣ್ಣಕ್ಕೆ ತಿರುಗಿತು. ಸೀಸೆಯ ಮುಚ್ಚಳವನ್ನು ತೆಗೆದಾಗ, ಸಿಡಿಲು ಬಡಿದ ಸ್ಥಳದಲ್ಲಿ ಬರುವಂಥ, ಮೂಗಿಗೆ ಚುರುಕೆನ್ನುವ ಓಜೋನಿನ ವಾಸನೆ ಹೊಡೆಯಿತು. ಬೆಂಕಿಯಿಲ್ಲ, ವಿದ್ಯುತ್ತಿನ ತಂತಿಯಿಲ್ಲ, ಬಿಸಿಲೂ ಇಲ್ಲ; ಸೀಸೆಯೊಳಗಿನ ಗಾಳಿಯ ಆಮ್ಲಜನಕವು ತಾನಾಗಿ ಓಜೋನಾಗಿದ್ದಿತು. ಕಿರಣಗಳಿಂದ ರಸಾಯನಕ್ರಿಯೆ ನಡೆಯುವುದೆಂಬುದಕ್ಕೆ ಇದು ಮೊದಲ ಸಾಕ್ಷ್ಯ.

ಅನಂತರ ನೀರಿನ ಸರದಿ. ಜರ್ಮನಿಯಲ್ಲಿ ಗೀಸೆಲ್ ಎಂಬ ರಸಾಯನಜ್ಞನಿದ್ದನು. ಆತನ ಉದ್ಯೋಗ ಕ್ವಿನೈನು ಕಾರ್ಖಾನೆಯಲ್ಲಿ. ರೇಡಿಯಂ ಆತನಿಗೆ ಹುಚ್ಚು. ರೇಡಿಯಂ ಬ್ರೋಮೈಡನ್ನು ನೀರಿನಲ್ಲಿ ಕರಗಿಸಿಟ್ಟರೆ ಆ ದ್ರಾವಣದಿಂದ ಹಗಲಿರುಳೂ ಗುಳ್ಳೆಗಳು ಏಳುತ್ತಿರುವುದನ್ನೂ, ಆ ಅನಿಲದಲ್ಲಿ ಜಲಜನಕ ಆಮ್ಲಜನಕಗಳಿರುವುದನ್ನೂ ಆತನು ೧೯೦೨-೦೩ರ ಸುಮಾರಿಗೆ ತಿಳಿಸಿದನು. ೧೯೦೩ರಲ್ಲಿ ಲಂಡನ್ನಿನಲ್ಲಿ ರ‍್ಯಾಮ್ಸೆ, ಸಾಡಿ ಎಂಬ ಇಬ್ಬರು ಇಂಥದೇ ದ್ರಾವಣದ ಅನಿಲವನ್ನು ಕೂಡಿಟ್ಟು, ಜಲಜನಕ ಆಮ್ಲಜನಕಗಳನ್ನು ತೆಗೆದುಹಾಕಿ, ಉಳಿದುದನ್ನು ಪರೀಕ್ಷಿಸಿದಾಗ ಅದರಲ್ಲಿ ಹೀಲಿಯಂ ಕಂಡಿತು. ಧಾತುವಿನಿಂದ ಧಾತು ಹುಟ್ಟಿದ ಆ ಸುದ್ದಿಯ ಗದ್ದಲದಲ್ಲಿ, ಅವರು ಬೇಡವೆಂದು ತೆಗೆದುಹಾಕಿದ ಜಲಜನಕ ಆಮ್ಲಜನಕಗಳನ್ನು ಕೇಳುವವರೇ ಇಲ್ಲದಂತಾಯಿತು. ರೇಡಿಯಂ ಮಾರುವವರು ಮಾತ್ರ ಅವುಗಳನ್ನು ಮರೆಯುವಂತಿರಲಿಲ್ಲ. ಲವಣವನ್ನು ಚೆನ್ನಾಗಿ ಒಣಗಿಸದೆ ಗಾಜಿನ ನಳಿಕೆಯಲ್ಲಿಟ್ಟು ಬಾಯಿ ಬೆಸೆದರೆ, ಉಳಿದ ತೇವವೇ ಒಡೆದು ಅನಿಲವಾಗಿ, ಒಳಗಿನ ಒತ್ತಡವು ಏರುತ್ತ ಹೋಗಿ, ನಳಿಕೆಯು ಸಿಡಿಯುವ ಭಯವಿದ್ದಿತು. ಸಿಡಿದರೆ ನಷ್ಟವಾಗುವುದು ಗಾಜಲ್ಲ. ಆ ಕಾಲದಲ್ಲಿ ಚಿನ್ನಕ್ಕಿಂತ ಎಷ್ಟೋ ಪಾಲು ಬೆಲೆಬಾಳುತ್ತಿದ್ದ ಪುಡಿ. ಆದುದರಿಂದ ಲವಣವನ್ನು ಕಾಯಿಸಿ ನೀರನ್ನು ಪೂರ್ತಿಯಾಗಿ ಹೋಗಲಾಡಿಸಿದ ಮೇಲೆಯೇ ಬೆಸೆಯುವುದು ಪದ್ಧತಿಯಾಯಿತು.

ಇನ್ನು ಒಡೆಯುವ ಬಗೆ. ಇಲ್ಲಿ ಶಕ್ತಿಯ ಅಳತೆಗೆ ಎಲೆಕ್ಟ್ರಾನ್-ವೋಲ್ಟ್ ಎಂಬ ಪುಟ್ಟ ಮಾನವನ್ನು ಬಳಸುವುದು ವಾಡಿಕೆ. ನೀರಿನ ಅಣುವಿನಲ್ಲಿ ಜಲಜನಕವನ್ನು ಆಮ್ಲಜನಕಕ್ಕೆ ಕಟ್ಟಿರುವ ಬಂಧವನ್ನು ಕಡಿಯಲು ಇಂಥ ಐದು ಮಾನಗಳು ಸಾಕು. ನಾವು ಕಾಣುವ ಬೆಳಕಿನಲ್ಲಿ ಅತ್ಯಂತ ಬಲವಾದ ನೇರಿಳೆ ಬೆಳಕಿನ ಒಂದು ಕಣದಲ್ಲಿರುವುದು ಸುಮಾರು ಮೂರು. ಆದುದರಿಂದಲೇ ಬಿಸಿಲಿನಲ್ಲಿಟ್ಟ ಕೊಡದ ನೀರು ನೀರಾಗಿಯೇ ಉಳಿಯುತ್ತದೆ. ರೇಡಿಯಮ್ಮಿನಿಂದ ಹಾರುವ ಒಂದು ಆಲ್ಫಾ ಕಣದಲ್ಲಾದರೋ ಸುಮಾರು ೪೮ ಲಕ್ಷ! ಗಾಳಿಯಲ್ಲಿ ಅದು ಮೂರೂ ಕಾಲು ಸೆಂಟಿಮೀಟರಿನಷ್ಟು ದೂರ ಹೋಗಿ ನಿಲ್ಲುತ್ತದೆ. ಆದರೆ ಅಷ್ಟು ದೂರದೊಳಗೆ ಲಕ್ಷಕ್ಕೂ ಮೇಲ್ಪಟ್ಟು ಅಣುಗಳಿಂದ ಒಂದೊಂದು ಎಲೆಕ್ಟ್ರಾನನ್ನು ಕಿತ್ತೆಸೆದಿರುತ್ತದೆ. ಎಲೆಕ್ಟ್ರಾನನ್ನು ಕಳೆದುಕೊಂಡ ಅಣುವು ಧನ ವಿದ್ಯುತ್ತಿನ ಅಯಾನು. ಅದೂ ಕಿತ್ತುಹೋದ ಎಲೆಕ್ಟ್ರಾನೂ ಸೇರಿ ಒಂದು ಅಯಾನುಜೋಡಿ. ಗಾಳಿಯಲ್ಲಿ ಒಂದು ಜೋಡಿಗೆ ಸರಾಸರಿ ೩೪ ಎಲೆಕ್ಟ್ರಾನ್-ವೋಲ್ಟ್ ವೆಚ್ಚವಾಗುತ್ತದೆ. ಶಾಖವು ಶಕ್ತಿಯನ್ನು ಎಲ್ಲ ಅಣುಗಳಿಗೂ ಕಾಸುಕಾಸಾಗಿ ಹಂಚುವುದು. ಕಿರಣವು ಕೆಲವೇ ಅಣುಗಳ ಮನೆಗೆ ನುಗ್ಗಿ ಗಂಟನ್ನೇ ಇಳಿಸಿಬಿಡುವುದು. ಕಾಫಿಗೂ ಕಿರಣಕ್ಕೂ ಇರುವ ಅಂತರವು ಇದೇ.

ಅನಿಲಗಳಲ್ಲಿ ಈ ಜೋಡಿಗಳನ್ನು ಎಣಿಸುವುದು ಸುಲಭ. ಅಮೆರಿಕದ ಲಿಂಡ್ ಎಂಬಾತನು ೧೯೧೦ರಿಂದ ಮುಂದೆ ಈ ಕೆಲಸವನ್ನೇ ಹಿಡಿದನು. ಚಿಕ್ಕ ಗಾಜಿನ ಬುರುಡೆಯಲ್ಲಿ ರೇಡಿಯಮ್ಮಿನ ಅನಿಲಸಂತಾನವಾದ ರೇಡಾನನ್ನೂ ಪರೀಕ್ಷಿಸಬೇಕಾದ ಅನಿಲವನ್ನೂ ಬೆರೆಸುವುದು. ಎಷ್ಟು ಜೋಡಿಗಳು ಹುಟ್ಟಿದವೆಂಬುದನ್ನು ಲೆಕ್ಕದಿಂದ ತಿಳಿಯುವುದು. ಎಷ್ಟು ಅಣುಗಳು ಮಾರ್ಪಟ್ಟವೆಂಬುದನ್ನು ಒತ್ತಡದ ಏರಿಳಿತದಿಂದ ತಿಳಿಯುವುದು. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕ್ರಿಯೆಯ ಫಲ ಸಿಕ್ಕಿತು. ಅನೇಕ ಕ್ರಿಯೆಗಳಲ್ಲಿ ಈ ಭಾಗಲಬ್ಧವು ಒಂದು, ಎರಡು, ಮೂರು, ಹೀಗೆ ಸಣ್ಣ ಸಂಖ್ಯೆ. ಕಾರ್ಬೈಡ್ ದೀಪದಲ್ಲಿ ಉರಿಯುವ ಅಸಿಟಲೀನ್ ಅನಿಲದಲ್ಲಿ ಮಾತ್ರ ಇಪ್ಪತ್ತು: ಒಂದು ಜೋಡಿಗೆ ಇಪ್ಪತ್ತು ಅಣುಗಳು ಕೈಕೈ ಹಿಡಿದು ಹಳದಿಯ ಪುಡಿಯಾಗಿ ಉದುರುವುವು. ಅಯಾನಿನ ಸುತ್ತಲೂ ಇಪ್ಪತ್ತು ಅಣುಗಳು ಗುಂಪುಗೂಡಿ, ವಿದ್ಯುತ್ತು ಅಳಿದ ಕ್ಷಣದಲ್ಲಿ ಇಡೀ ಗುಂಪೇ ಮಾರ್ಪಡುತ್ತದೆಂದು ಲಿಂಡನು ವಾದಿಸಿದನು. ಅಂದವಾದ ವಾದ, ಆದರೆ ೧೯೩೬ರಲ್ಲಿ ಐರಿಂಗ್, ಹಿರ್ಷ್‌ಫೆಲ್ಡರ್, ಟೇಲರ್ ಎಂಬ ಮೂವರು, ಕ್ರಿಯೆಯನ್ನೆಲ್ಲ ಅಯಾನುಗಳ ತಲೆಗೇ ಕಟ್ಟುವುದು ಸರಿಯಲ್ಲವೆಂದು ತೋರಿಸಿದರು. ಕಿರಣದ ಏಟಿಗೆ ಎಲೆಕ್ಟ್ರಾನನ್ನು ಕಳೆದುಕೊಳ್ಳದೆ ಬರಿದೆ ಉದ್ರಿಕ್ತವಾದ ಅಣುಗಳೂ ಉಂಟು. ಅಯಾನು ಎಲೆಕ್ಟ್ರಾನುಗಳು ಮತ್ತೆ ಕೂಡುವಾಗ ಹೊರಬಿದ್ದ ಶಕ್ತಿಯಿಂದ ಇಬ್ಭಾಗವಾದ ಅಣುಗಳೂ ಉಂಟು. ಇವೆಲ್ಲವೂ ಕೊನೆಗೆ ಒಂಟಿ ಪರಮಾಣುಗಳನ್ನೂ, ಬಂಧದ ಒಂದು ಕೈ ಬರಿದಾದ ಅಣುಚೂರುಗಳನ್ನೂ ಕೊಡುತ್ತವೆ. ಇಂಥ ಚೂರಿಗೆ ರಸಾಯನಜ್ಞರು ರ‍್ಯಾಡಿಕಲ್ ಎನ್ನುತ್ತಾರೆ. ಬರಿದಾದ ಕೈಯನ್ನು ತುಂಬಿಕೊಳ್ಳುವುದೊಂದೇ ಅದರ ಧ್ಯಾನ.

ಅನಿಲಗಳ ವಿಚಾರವನ್ನು ಇಲ್ಲಿಗೆ ಬಿಡುವ ಮೊದಲು ಒಂದು ಮಾತು. ತೇವವಿರುವ ಗಾಳಿಯ ಮೇಲೆ ಬಲವಾದ ಕಿರಣ ಬಿದ್ದರೆ ಸಾರಜನಕವೂ ಆಮ್ಲಜನಕವೂ ಕೂಡಿ ಕೊನೆಗೆ ನೈಟ್ರಿಕ್ ಆಮ್ಲವಾಗುತ್ತದೆ. ಇದು ಸುತ್ತಲ ಲೋಹವನ್ನು ತಿನ್ನುವ ಪೀಡೆ. ಇದೇ ಪೀಡೆಯನ್ನು ಉಪಕಾರಕ್ಕೆ ತಿರುಗಿಸಿದವರೂ ಉಂಟು. ಕಲ್ಲಿದ್ದಲಿನ ಹೊಗೆಗೆ ಅಮೋನಿಯವನ್ನು ಬೆರೆಸಿ, ಎಲೆಕ್ಟ್ರಾನುಗಳ ಧಾರೆಯನ್ನು ಹಾಯಿಸಿದರೆ, ಹೊಗೆಯಲ್ಲಿನ ಗಂಧಕದ ಮತ್ತು ಸಾರಜನಕದ ವಿಷಾನಿಲಗಳು ಆಮ್ಲಗಳಾಗಿ, ಅಮೋನಿಯದೊಡನೆ ಕೂಡಿ, ಹೊಲಕ್ಕೆ ಹಾಕುವ ಗೊಬ್ಬರದ ಪುಡಿಯಾಗಿ ಇಳಿಯುತ್ತವೆ. ಜಪಾನಿನಲ್ಲಿ ೧೯೭೦ರ ದಶಕದಲ್ಲಿ ಮೊದಲಾದ ಈ ಪದ್ಧತಿಯ ಸ್ಥಾವರಗಳನ್ನು ಚೀನದಲ್ಲಿಯೂ ಪೋಲೆಂಡಿನಲ್ಲಿಯೂ ಕಟ್ಟಿದರು.

ಈಗ ನೀರಿಗೆ ಬರೋಣ. ಇಲ್ಲಿ ಒಂದು ವಿರೋಧಾಭಾಸವು ಬಹುಕಾಲ ವಿದ್ವಾಂಸರನ್ನು ಕಾಡಿತು. ರೇಡಿಯಂ ಕರಗಿದ ನೀರು ಎಡೆಬಿಡದೆ ಗುಳ್ಳೆಯೇಳುತ್ತದೆ ಎಂದೆನಷ್ಟೆ. ಆದರೆ ಗಾಳಿಯನ್ನು ಪೂರ್ತಿ ತೆಗೆದ ಶುದ್ಧ ಜಲವನ್ನು ಬಾಯಿಯವರೆಗೆ ತುಂಬಿ ಮುಚ್ಚಿ, ಎಕ್ಸ್ ಕಿರಣವನ್ನು ಎಷ್ಟು ಹೊತ್ತು ಬಿಟ್ಟರೂ ಅದರಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣುವುದಿಲ್ಲ! ಅದೇ ನೀರಿಗೆ ಒಂದು ಚಿಟಿಕೆ ಪೊಟ್ಯಾಸಿಯಂ ಬ್ರೋಮೈಡನ್ನು ಹಾಕಿದರೋ, ಜಲಜನಕವು ಹುಟ್ಟಲಾರಂಭಿಸುತ್ತದೆ. ನೀರು ಒಡೆಯುವುದೋ ಒಡೆಯುವುದಿಲ್ಲವೋ?

ಒಡೆಯುತ್ತದೆ, ಆದರೆ ಮತ್ತೆ ಕೂಡಿಕೊಳ್ಳುತ್ತದೆ. ಉತ್ತರದ ಬೀಜವನ್ನು ೧೯೧೪ರಲ್ಲಿಯೇ ಕ್ಯೂರಿಯವರ ಸಹೋದ್ಯೋಗಿಯಾದ ಡೆಬಿಯರ್ನ್ ಬಿತ್ತಿದ್ದನು. ನೀರಿನ ಅಣುವು ಒಂಟಿ ಜಲಜನಕ ಪರಮಾಣುವಾಗಿಯೂ, ಜಲಜನಕವೊಂದು ಆಮ್ಲಜನಕವೊಂದು ಕೂಡಿದ ಹೈಡ್ರಾಕ್ಸಿಲ್ ಚೂರಾಗಿಯೂ ಒಡೆಯುತ್ತದೆಂದು ಆತನ ಊಹೆ. ಆ ಮಾತು ಮೂವತ್ತು ವರ್ಷ ಮೂಲೆಯಲ್ಲಿ ಬಿದ್ದಿದ್ದಿತು. ೧೯೪೪ರಲ್ಲಿ ಇಂಗ್ಲೆಂಡಿನಲ್ಲಿ ವೈಸ್ ಎಂಬ ವಿದ್ವಾಂಸನು ಅದನ್ನು ಮತ್ತೆ ಎತ್ತಿ ಪ್ರತಿಪಾದಿಸಿದ ಮೇಲೆ ಜನ ಕಿವಿಗೊಟ್ಟರು. ಎರಡು ಜಲಜನಕ ಪರಮಾಣುಗಳು ಸಂಧಿಸಿದರೆ ಜಲಜನಕಾನಿಲ. ಎರಡು ಹೈಡ್ರಾಕ್ಸಿಲುಗಳು ಸಂಧಿಸಿದರೆ ಜಲಜನಕದ ಪೆರಾಕ್ಸೈಡು. ಒಂದೊಂದು ಬಗೆಯದು ಪರಸ್ಪರ ಸಂಧಿಸಿದರೆ ಮತ್ತೆ ನೀರು. ಇಷ್ಟೇ ಅಲ್ಲ. ಅಲೆಯುತ್ತಿರುವ ಹೈಡ್ರಾಕ್ಸಿಲು ಜಲಜನಕಾನಿಲವನ್ನು ಕಂಡರೆ ಅದನ್ನು ಹಿಡಿದು ನೀರಾಗಿ, ಒಂದು ಜಲಜನಕ ಪರಮಾಣುವನ್ನು ಬಿಡುಗಡೆ ಮಾಡುತ್ತದೆ. ಆ ಪರಮಾಣು ಪೆರಾಕ್ಸೈಡನ್ನು ಹಿಡಿದು ನೀರಾಗಿ, ಒಂದು ಹೈಡ್ರಾಕ್ಸಿಲನ್ನು ಬಿಡುಗಡೆ ಮಾಡುತ್ತದೆ. ಹೀಗೆ ಸರಪಣಿಯಂತೆ, ಕಿರಣವು ಕೆಡಿಸಿದುದನ್ನು ಕಿರಣದ ಚೂರುಗಳೇ ದುರಸ್ತಿ ಮಾಡುತ್ತ ಹೋಗುತ್ತವೆ. ಬ್ರೋಮೈಡು ಹಾಕಿದಾಗ ಅದು ಹೈಡ್ರಾಕ್ಸಿಲುಗಳನ್ನು ತಾನು ನುಂಗಿ ಸರಪಣಿಯನ್ನು ಕಡಿಯುತ್ತದೆ. ದುರಸ್ತಿಯ ಕೆಲಸ ನಿಂತು ಅನಿಲವು ಕೂಡುತ್ತದೆ.

ರೇಡಿಯಂ ದ್ರಾವಣದಲ್ಲಿ ಹೀಗೇಕಾಗದು? ಅಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಆಲ್ಫಾ ಕಣ. ಎಕ್ಸ್ ಕಿರಣ, ಗ್ಯಾಮಾ ಕಿರಣಗಳಿಂದ ಹೊರಟ ಎಲೆಕ್ಟ್ರಾನು ತನ್ನ ದಾರಿಯಲ್ಲಿ ಅಲ್ಲೊಂದು ಇಲ್ಲೊಂದು ಕಡೆ ಚೂರುಗಳನ್ನು ಬಿಡುತ್ತದೆ: ರೈಲು ಸಣ್ಣ ಸಣ್ಣ ಸ್ಟೇಷನ್ನುಗಳಲ್ಲಿ ಇಬ್ಬರನ್ನು ಮೂವರನ್ನು ಇಳಿಸಿ ಹೋಗುವಂತೆ. ಆಲ್ಫಾ ಕಣದ ಜಾಡಾದರೋ ಮೈಸೂರಿನಲ್ಲಿ ಜಂಬೂಸವಾರಿಯ ದಿವಸದ ಬೀದಿ. ಕಾಲಿಡಲು ಸ್ಥಳವಿಲ್ಲದಂತೆ ಚೂರುಗಳು ಕಿಕ್ಕಿರಿದಿರುತ್ತವೆ. ಅವು ಹೊರಗೆ ಹರಡಿಕೊಳ್ಳುವ ಮೊದಲೇ ತಮ್ಮತಮ್ಮಲ್ಲಿ ಸಂಧಿಸಿ ಜಲಜನಕಾನಿಲವೂ ಪೆರಾಕ್ಸೈಡೂ ಆಗಿಬಿಡುತ್ತವೆ. ದುರಸ್ತಿ ಮಾಡಲು ಹೊರಗೆ ಬಂದು ಅಲೆಯುವ ಚೂರುಗಳು ಕೆಲವೇ. ಆದುದರಿಂದ ಅಲ್ಲಿ ಗುಳ್ಳೆ, ಇಲ್ಲಿ ಮೌನ.

ಈ ಶಾಸ್ತ್ರಕ್ಕೆ ಒಂದು ತಕ್ಕಡಿಯನ್ನು ಒದಗಿಸಿದವನು ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಹ್ಯೂಗೋ ಫ್ರಿಕೆ. ೧೯೨೭ರ ಸುಮಾರಿಗೆ ಆತನು ಆರಿಸಿಕೊಂಡ ವಸ್ತುವು ನಮ್ಮ ಗ್ರಂಧಿಗೆ ಅಂಗಡಿಯಲ್ಲಿ ಸಿಕ್ಕುವ ಅನ್ನಭೇದಿ, ಎಂದರೆ ಕಬ್ಬಿಣದ ಫೆರಸ್ ಸಲ್ಫೇಟು. ಅದನ್ನು ತೆಳುವಾಗಿ ಗಂಧಕಾಮ್ಲದ ನೀರಿನಲ್ಲಿ ಕರಗಿಸಿ ಕಿರಣಕ್ಕೊಡ್ಡಿದರೆ ಫೆರಸ್ ಕಬ್ಬಿಣವು ಫೆರಿಕ್ ಕಬ್ಬಿಣವಾಗುತ್ತದೆ. ದ್ರಾವಣವು ಕಣ್ಣಿಗೆ ಕಾಣದ ಅತಿನೇರಿಳೆ ಬೆಳಕನ್ನು ಎಷ್ಟು ತಡೆಯುತ್ತದೆಂಬುದರಿಂದ ಎಷ್ಟು ಫೆರಿಕ್ ಆಯಿತೆಂದು ಅಳೆಯಬಹುದು. ಫ್ರಿಕೆಯು ಕಂಡ ಆಶ್ಚರ್ಯವೇನೆಂದರೆ, ಅನ್ನಭೇದಿಯನ್ನು ಹತ್ತು ಪಾಲು ಹೆಚ್ಚಾಗಿ ಹಾಕಿದರೂ ಕಡಿಮೆ ಹಾಕಿದರೂ ಮಾರ್ಪಡುವ ಮೊತ್ತವು ಅಷ್ಟೇ. ಕಿರಣವು ಕಬ್ಬಿಣಕ್ಕೇ ಹೊಡೆಯುತ್ತಿದ್ದರೆ ಹತ್ತು ಪಾಲು ಕಬ್ಬಿಣಕ್ಕೆ ಹತ್ತು ಪಾಲು ಏಟು ಬೀಳಬೇಕಾಗಿತ್ತಲ್ಲವೆ? ಹಾಗಾಗಲಿಲ್ಲ. ಏಟು ಬೀಳುವುದು ನೀರಿಗೆ. ನೀರಿನ ಚೂರುಗಳು ಕಬ್ಬಿಣವನ್ನು ಹುಡುಕಿಕೊಂಡು ಹೋಗಿ ಮಾರ್ಪಡಿಸುತ್ತವೆ. ಚೂರುಗಳು ಎಷ್ಟೋ ಕೆಲಸವೂ ಅಷ್ಟು. ಇದೊಂದು ಅಂಶದ ಮೇಲೆ ಇಡೀ ಶಾಸ್ತ್ರವು ನಿಂತಿದೆಯೆಂದರೂ ಅತಿಶಯೋಕ್ತಿಯಾಗಲಾರದು.

ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ದಯಮಾಡಿ ಬೇಸರಪಡಬಾರದು. ಗ್ಯಾಮಾ ಕಿರಣದ ಪ್ರತಿ ೧೦೦ ಎಲೆಕ್ಟ್ರಾನ್-ವೋಲ್ಟ್ ಶಕ್ತಿಗೆ ಆಮ್ಲದ ನೀರಿನಲ್ಲಿ ಹೆಚ್ಚುಕಡಮೆ ೩.೬೫ ಜಲಜನಕ ಪರಮಾಣು, ೨.೯ ಹೈಡ್ರಾಕ್ಸಿಲು, ೦.೮ ಪೆರಾಕ್ಸೈಡು ದೊರೆಯುತ್ತವೆ. ಒಂದು ಹೈಡ್ರಾಕ್ಸಿಲು ಒಂದು ಕಬ್ಬಿಣವನ್ನು ಮಾರ್ಪಡಿಸುವುದು. ಒಂದು ಪೆರಾಕ್ಸೈಡು ಎರಡನ್ನು. ದ್ರಾವಣದಲ್ಲಿ ಗಾಳಿಯ ಆಮ್ಲಜನಕವಿದ್ದರೆ ಜಲಜನಕ ಪರಮಾಣುವು ಅದರೊಡನೆ ಕೂಡಿ, ತಾನೊಂದು ಕಬ್ಬಿಣವನ್ನು ಮಾರ್ಪಡಿಸಿ ಪೆರಾಕ್ಸೈಡಾಗಿ, ಆ ಪೆರಾಕ್ಸೈಡಿನಿಂದ ಇನ್ನೆರಡನ್ನು, ಅಂತೂ ಮೂರನ್ನು ಮಾರ್ಪಡಿಸುವುದು. ಒಟ್ಟು ಹದಿನೈದೂವರೆ. ಆಮ್ಲಜನಕವನ್ನು ತೆಗೆದುಬಿಟ್ಟರೆ ಜಲಜನಕ ಪರಮಾಣುವು ಒಂದನ್ನೇ ಮಾರ್ಪಡಿಸೀತು. ಮೊತ್ತವು ಎಂಟಕ್ಕಿಂತ ತುಸು ಹೆಚ್ಚಿಗೆ ಇಳಿಯುವುದು. ಅಳೆದು ನೋಡಿದರೆ ಈ ಎರಡು ಸಂಖ್ಯೆಗಳೇ ಬರುತ್ತವೆ. ಕಿರಣದ ಪ್ರಮಾಣವನ್ನು ಗೊತ್ತುಮಾಡಲು ಲೋಕದಲ್ಲೆಲ್ಲ ಈ ಅನ್ನಭೇದಿಯ ನೀರನ್ನು ಬಳಸುತ್ತ ಬಂದಿದ್ದಾರೆ. ಆಮ್ಲಜನಕವಿದ್ದಾಗ ಕಿರಣದ ಪರಿಣಾಮವು ಹೆಚ್ಚೆಂಬ ಮಾತನ್ನು ಮಾತ್ರ ನೆನಪಿನಲ್ಲಿಡಬೇಕು. ಅದು ಮುಂದೆ ಬರುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಈ ಪಾಂಡಿತ್ಯಕ್ಕೆ ಒಮ್ಮಿಂದೊಮ್ಮೆಗೆ ಬೆಲೆ ಬಂದಿತು. ೧೯೪೨ರಲ್ಲಿ ಷಿಕಾಗೋ ನಗರದಲ್ಲಿ ಗುಟ್ಟಾಗಿ ಪರಮಾಣು ಕುಲುಮೆಗಳನ್ನು ಯೋಜಿಸುತ್ತಿದ್ದವರಿಗೆ, ಅವುಗಳನ್ನು ತಣಿಸುವ ನೀರು ಕಿರಣಗಳ ನಡುವೆ ಹರಿಯುವಾಗ ಒಡೆದುಹೋದರೆ ಗತಿಯೇನೆಂಬ ಚಿಂತೆ ಹತ್ತಿತು. ಈ ವಿದ್ಯೆಗೆ ವಿಕಿರಣ ರಸಾಯನವೆಂಬ ಹೆಸರನ್ನು ಅಲ್ಲಿ ಕೆಲಸ ಮಾಡುತ್ತಿದ್ದ ಮಿಲ್ಟನ್ ಬರ್ಟನ್ ಎಂಬಾತನು ಕೊಟ್ಟನು. ನೀರು ಶುದ್ಧವಾಗಿದ್ದರೆ ತನ್ನನ್ನು ತಾನೇ ದುರಸ್ತಿ ಮಾಡಿಕೊಳ್ಳುತ್ತದೆಂಬುದು ಅವರ ಪ್ರಯೋಗಗಳಿಂದ ಸ್ಥಿರಪಟ್ಟಿತು.

ಆದರೂ ಒಂದು ಸಂದೇಹ ಉಳಿದಿದ್ದಿತು. ಜಲಜನಕ ಪರಮಾಣುವೆಂದು ಎಲ್ಲರೂ ಕರೆಯುತ್ತಿದ್ದ ಚೂರು ಒಂದೊಂದು ಪ್ರಯೋಗದಲ್ಲಿ ಒಂದೊಂದು ನಡತೆಯನ್ನು ತೋರುತ್ತಿತ್ತು. ಅದು ಎರಡು ಬೇರೆ ವ್ಯಕ್ತಿಗಳಿರಬೇಕೆಂಬ ಅನುಮಾನ ೧೯೫೦ರ ದಶಕದ ಕೊನೆಗೆ ಬಲವಾಯಿತು. ೧೯೬೨ರಲ್ಲಿ ಹಾರ್ಟ್ ಮತ್ತು ಬೋಗ್ ಎಂಬ ಇಬ್ಬರು, ಒಂದು ಸೆಕೆಂಡಿನ ಲಕ್ಷಾಂಶಗಳಲ್ಲಿ ಅಳೆಯಬೇಕಾದಷ್ಟು ಅಲ್ಪಕಾಲ ಎಲೆಕ್ಟ್ರಾನುಗಳ ಬಿರುಸಾದ ಬಾಣವನ್ನು ನೀರಿನೊಳಕ್ಕೆ ಬಿಟ್ಟು, ಅದೇ ಕ್ಷಣದಲ್ಲಿ ಬೆಳಕನ್ನು ಹಾಯಿಸಿ ರೋಹಿತವನ್ನು ಚಿತ್ರಿಸಿದರು. ಕೆಂಪು ಬೆಳಕನ್ನು ನುಂಗುವ, ಆದುದರಿಂದ ನೀಲಿಯಾಗಿ ಕಾಣಬೇಕಾದ, ಒಂದು ವಸ್ತುವು ಹುಟ್ಟಿ ಸಾಯುತ್ತಿದ್ದಿತು. ಅದು ನೀರಿನ ಅಣುಗಳು ಸುತ್ತುವರಿದು ಹಿಡಿದುಕೊಂಡ ಬರಿಯ ಎಲೆಕ್ಟ್ರಾನು! ದ್ರವ ಅಮೋನಿಯದಲ್ಲಿ ಸೋಡಿಯಂ ಲೋಹವನ್ನು ಕರಗಿಸಿದರೆ ಬರುವ ಸೊಗಸಾದ ನೀಲಿಬಣ್ಣವನ್ನು ರಸಾಯನಜ್ಞರು ಹತ್ತೊಂಬತ್ತನೆಯ ಶತಮಾನದಿಂದಲೇ ಬಲ್ಲರು. ಅಲ್ಲಿ ಎಲೆಕ್ಟ್ರಾನು ಗಂಟೆಗಟ್ಟಲೆ ಬಾಳುತ್ತದೆ. ನೀರಿನಲ್ಲಿ ಅದರ ಬಾಳು ಕಣ್ಣೆವೆಯಿಕ್ಕುವ ಕಾಲದ ಸಾವಿರದಲ್ಲೊಂದು ಪಾಲೂ ಇಲ್ಲ. ಅರುವತ್ತು ವರ್ಷ ಎಲ್ಲರ ಕಣ್ಣೆದುರಿಗೇ ಇದ್ದು ಕಾಣದೆಹೋದ ಈ ನೀಲಿಯನ್ನು ನೆನೆದರೆ ನನಗೆ ಈಗಲೂ ಒಂದು ಬಗೆಯ ಪುಲಕವುಂಟಾಗುತ್ತದೆ. ಆಮ್ಲವಿರುವ ನೀರಿನಲ್ಲಿ ಈ ಎಲೆಕ್ಟ್ರಾನು ಕೂಡಲೆ ಜಲಜನಕ ಪರಮಾಣುವಾಗುತ್ತದೆ. ಫ್ರಿಕೆಯ ಲೆಕ್ಕವು ಆದುದರಿಂದಲೇ ಕೆಡಲಿಲ್ಲ.

ಇದನ್ನೆಲ್ಲ ಪುಸ್ತಕದ ಬದನೆಕಾಯಿ ಎನ್ನುವವರಿಗೆ ೧೯೭೯ರ ಒಂದು ಘಟನೆಯನ್ನು ಹೇಳುತ್ತೇನೆ. ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದಲ್ಲಿ ತ್ರೀ ಮೈಲ್ ಐಲೆಂಡ್ ಎಂಬಲ್ಲಿ ಮಾರ್ಚಿ ೨೮ರಂದು ಒಂದು ಪರಮಾಣು ವಿದ್ಯುದಾಗಾರದ ಎರಡನೆಯ ಕುಲುಮೆಯಲ್ಲಿ ತಣಿಸುವ ನೀರು ಕಡಮೆಯಾಗಿ ಇಂಧನವು ಕರಗಿತು. ಇಂಧನದ ಮೇಲಣ ಜಿರ್ಕೋನಿಯಂ ಕವಚವು ಕಾದ ಹಬೆಯೊಡನೆ ಕೂಡಿ ಬಹಳ ಜಲಜನಕವನ್ನು ಬಿಟ್ಟಿತು. ಆ ಜಲಜನಕದ ಒಂದು ದೊಡ್ಡ ಗುಳ್ಳೆಯು ಉಕ್ಕಿನ ಪಾತ್ರೆಯ ನೆತ್ತಿಯಲ್ಲಿ ನಿಂತಿದೆಯೆಂದು ತಿಳಿದುಬಂದಿತು. ಜಲಜನಕವೊಂದೇ ಇದ್ದರೆ ಅದು ಸಿಡಿಯಲಾರದು, ಆಮ್ಲಜನಕ ಬೇಕು. ಆಗ ಕೆಲವು ಅಧಿಕಾರಿಗಳು, ಕಿರಣಗಳಿಂದ ನೀರು ಒಡೆದು ಆಮ್ಲಜನಕವು ಗುಳ್ಳೆಯೊಳಕ್ಕೆ ಸೇರುತ್ತಲೇ ಇದೆ, ಕೆಲವು ದಿವಸಗಳೊಳಗಾಗಿ ಪಾತ್ರೆಯೇ ಸಿಡಿದೀತು ಎಂದು ಲೆಕ್ಕ ಹಾಕಿದರು. ಸುದ್ದಿ ಹಬ್ಬಿತು. ಬಸುರಿಯರೂ ಎಳೆಯ ಮಕ್ಕಳೂ ಐದು ಮೈಲಿಯ ಸುತ್ತಳತೆಯಿಂದ ಹೊರಗೆ ಹೋಗುವುದು ಲೇಸೆಂದು ಪ್ರಾಂತದ ಗವರ್ನರು ಆಗಲೇ ಸಲಹೆಯಿತ್ತಿದ್ದರು. ಆ ದಿನಗಳಲ್ಲಿ ಸುತ್ತಮುತ್ತಲಿಂದ ಲಕ್ಷಕ್ಕೂ ಹೆಚ್ಚು ಮಂದಿ ಮನೆ ಬಿಟ್ಟು ಹೊರಟರು.

ಲೆಕ್ಕದಲ್ಲಿದ್ದ ತಪ್ಪನ್ನು ತಾವು ಈಗಾಗಲೇ ಊಹಿಸಿರಬಹುದು. ಒಡೆಯುವ ಅರ್ಧವನ್ನು ಹಿಡಿದು, ಮತ್ತೆ ಕೂಡುವ ಅರ್ಧವನ್ನು ಬಿಟ್ಟಿದ್ದರು. ನೀರಿನಲ್ಲಿ ಜಲಜನಕವು ಯಥೇಚ್ಛವಾಗಿ ಕರಗಿರುವಾಗ, ಹುಟ್ಟುವ ಹೈಡ್ರಾಕ್ಸಿಲುಗಳು ಅದನ್ನು ಹಿಡಿದು ಸರಪಣಿಯನ್ನು ನಡೆಸುತ್ತ, ಹುಟ್ಟಿದ ಪೆರಾಕ್ಸೈಡನ್ನೂ ಆಮ್ಲಜನಕವನ್ನೂ ಹುಟ್ಟಿದಲ್ಲಿಯೇ ಅಡಗಿಸಿಬಿಡುತ್ತವೆ. ಎಂದರೆ ಭಯಕ್ಕೆ ಕಾರಣವಾದ ಜಲಜನಕವೇ ಆಮ್ಲಜನಕವನ್ನು ತಡೆಯುತ್ತಿದ್ದ ಕಾವಲುಗಾರ. ಈ ಬಗೆಯ ವಿದ್ಯುದಾಗಾರಗಳಲ್ಲಿ ತಣಿಸುವ ನೀರಿಗೆ ಬೇಕೆಂದೇ ಸ್ವಲ್ಪ ಜಲಜನಕವನ್ನು ಕರಗಿಸಿಡುವ ಪದ್ಧತಿ ಆಗಲೇ ರೂಢಿಯಲ್ಲಿದ್ದಿತು! ಏಪ್ರಿಲ್ ೧ರಂದು ಅಧ್ಯಕ್ಷ ಕಾರ್ಟರರು ಆ ಸ್ಥಳಕ್ಕೆ ಬಂದು ಹೋದರು; ಪಾತ್ರೆಯು ಸಿಡಿಯುವ ಮಾತು ತಪ್ಪೆಂದು ಅಷ್ಟರೊಳಗೆ ಗೊತ್ತಾಗುತ್ತ ಬಂದಿದ್ದಿತು. ಕುಲುಮೆಯು ಹಾಳಾದದ್ದು ನಿಜ. ಮೊದಲ ದಿವಸವೇ ಹೊರಗಣ ಕಟ್ಟಡದಲ್ಲಿ ಗಾಳಿಯೊಡನೆ ಬೆರೆತ ಜಲಜನಕವು ಒಮ್ಮೆ ಹೊತ್ತಿಕೊಂಡದ್ದೂ ನಿಜ. ಆದರೆ ಪಾತ್ರೆಯೊಳಗಿನ ಸ್ಫೋಟದ ಭೂತವನ್ನು ಸೃಷ್ಟಿಸಿದ್ದು ಅರ್ಧ ನೆನಪಿಟ್ಟ ರಸಾಯನಶಾಸ್ತ್ರ.

ನಮ್ಮ ನಾಡಿನಲ್ಲಿಯೂ ಈ ವಿಷಯವು ದೂರದ್ದಲ್ಲ. ಉತ್ತರ ಕನ್ನಡದ ಕೈಗಾದಲ್ಲಿ, ಕಾಳೀ ನದಿಯ ದಡದಲ್ಲಿ, ೨೦೦೦ದಿಂದ ೨೦೧೧ರವರೆಗಿನ ಅವಧಿಯಲ್ಲಿ ನಾಲ್ಕು ಕುಲುಮೆಗಳು ಕೆಲಸಕ್ಕೆ ತೊಡಗಿದವು. ಅವು ಭಾರಜಲದಿಂದ ನಡೆಯುವಂಥವು. ಭಾರಜಲವೂ ಕಿರಣಕ್ಕೆ ಸಿಕ್ಕಿ ಒಡೆಯುತ್ತದೆ. ಅದರ ಭಾರ ಜಲಜನಕವೂ ಆಮ್ಲಜನಕವೂ ನೀರಿನ ಮೇಲೆ ತುಂಬಿಟ್ಟ ಹೀಲಿಯಂ ಅನಿಲದೊಳಕ್ಕೆ ಬರುತ್ತವೆ. ಈ ಬಗೆಯ ಕುಲುಮೆಗಳಲ್ಲಿ ಆ ಹೀಲಿಯಮ್ಮನ್ನು ಸದಾ ಸುತ್ತಿಸುತ್ತ, ವೇಗವರ್ಧಕ ಲೋಹದ ಮೇಲೆ ಹಾಯಿಸಿ, ಎರಡನ್ನೂ ಮತ್ತೆ ಭಾರಜಲವಾಗಿ ಕೂಡಿಸುತ್ತಾರೆ. ನೀರಿನ ಕಲ್ಮಷವನ್ನು ಬಹು ಕಟ್ಟುನಿಟ್ಟಾಗಿ ತೆಗೆಯುವುದಕ್ಕೂ ಒಂದು ಕಾರಣ ಆ ಬ್ರೋಮೈಡಿನ ಕಥೆಯೇ: ಕಲ್ಮಷವಿದ್ದರೆ ನೀರಿನ ಸ್ವಂತ ದುರಸ್ತಿ ನಿಲ್ಲುತ್ತದೆ.

ಮೊದಲ ಒಗಟಿಗೆ ಹಿಂದಿರುಗೋಣ. ನಮ್ಮ ದೇಹದ ಬಹುಭಾಗ ನೀರು. ಆ ೪ ಗ್ರೇ ಕಿರಣದಿಂದ ಸುಮಾರು ಐದು ಕೋಟಿ ನೀರಿನ ಅಣುಗಳಿಗೆ ಒಂದರಂತೆ ಹೈಡ್ರಾಕ್ಸಿಲು ಹುಟ್ಟುತ್ತದೆ. ಅದರ ಬಾಳು ಅತ್ಯಲ್ಪ. ಹುಟ್ಟಿದಲ್ಲಿಂದ ಬಹುದೂರ ಹೋಗಲಾರದು. ಆದರೆ ಹುಟ್ಟಿದ್ದು ಜೀವಕೋಶದ ನಡುವಿನ ಡಿ.ಎನ್.ಎ. ಎಂಬ ಅಮೂಲ್ಯ ಎಳೆಯ ಪಕ್ಕದಲ್ಲಾದರೆ? ಆ ಎಳೆಯಿಂದ ಜಲಜನಕವನ್ನು ಕಸಿದುಕೊಂಡು ಅದನ್ನು ಗಾಯಗೊಳಿಸುತ್ತದೆ. ಎಕ್ಸ್ ಕಿರಣದ ಹಾನಿಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹೀಗೆ ನೀರಿನ ಮೂಲಕ ಬಂದದ್ದೆಂದು ಅಂದಾಜು; ಉಳಿದುದು ಎಳೆಯ ಮೇಲೆಯೇ ಬಿದ್ದ ಏಟು. ಜೀವದ್ರವ್ಯಗಳಿಗೆ ಇದನ್ನು ಮೊದಲು ಸ್ಪಷ್ಟವಾಗಿ ತೋರಿಸಿದವನು ಮ್ಯಾಂಚೆಸ್ಟರಿನ ಡೇಲ್. ಆತನು ೧೯೪೦ರಲ್ಲಿ ತೆಳುವಾದ ಎನ್‌ಜೈಮ್ ದ್ರಾವಣಕ್ಕೆ ಬೇರೊಂದು ಪದಾರ್ಥವನ್ನು ಬೆರೆಸಿದರೆ ಎನ್‌ಜೈಮಿಗೆ ರಕ್ಷಣೆಯುಂಟಾಗುವುದೆಂದು ಕಂಡನು. ಚೂರುಗಳು ಆ ಪದಾರ್ಥಕ್ಕೂ ಹಂಚಿಹೋದದ್ದೇ ಕಾರಣ. ೧೯೪೯ರಲ್ಲಿ ಪ್ಯಾಟ್ ಮೊದಲಾದವರು ಸಿಸ್ಟೀನ್ ಎಂಬ ಗಂಧಕಯುಕ್ತ ವಸ್ತುವನ್ನು ಇಲಿಗಳಿಗೆ ಮೊದಲೇ ಕೊಟ್ಟರೆ ಮಾರಕ ಕಿರಣದಿಂದ ಅನೇಕವು ಉಳಿಯುವುದನ್ನು ಕಂಡರು. ಕಿರಣ ಬಿದ್ದ ಮೇಲೆ ಕೊಟ್ಟರೆ ಪ್ರಯೋಜನವಿಲ್ಲ. ಚೂರುಗಳು ತಮ್ಮ ಕೆಲಸ ಮುಗಿಸಿ ಎಷ್ಟೋ ಹೊತ್ತಾಗಿರುತ್ತದೆ.

ಆಮ್ಲಜನಕದ ಮಾತನ್ನು ನೆನಪಿಡಬೇಕೆಂದಿದ್ದೆ. ಹೈಡ್ರಾಕ್ಸಿಲು ಗಾಯಗೊಳಿಸಿದ ಎಳೆಯು ಕೂಡಲೆ ಬೇರೊಂದು ಜಲಜನಕವನ್ನು ಪಡೆದು ಮಾಯಬಹುದು. ಆದರೆ ಅಷ್ಟರಲ್ಲಿ ಆಮ್ಲಜನಕವು ಆ ಗಾಯಕ್ಕೆ ಅಂಟಿಕೊಂಡರೆ ಗಾಯವು ಶಾಶ್ವತವಾಗುತ್ತದೆ. ೧೯೫೩ರಲ್ಲಿ ಇಂಗ್ಲೆಂಡಿನ ಗ್ರೇ ಮತ್ತು ಆತನ ಜೊತೆಗಾರರು ಇದರ ಮಹತ್ತ್ವವನ್ನು ವೈದ್ಯರ ಮುಂದಿಟ್ಟರು. ಮೊದಲು ಹೇಳಿದ ಮಾನಕ್ಕೆ ಆತನ ಹೆಸರನ್ನೇ ಇಟ್ಟಿದ್ದಾರೆ. ಬೇಗಬೇಗನೆ ಬೆಳೆ‌ಯುವ ಕ್ಯಾನ್ಸರ್ ಗೆಡ್ಡೆಯ ಒಳಭಾಗಕ್ಕೆ ರಕ್ತವು ಸಾಲದೆ ಆಮ್ಲಜನಕವು ಕಡಮೆಯಾಗಿರುತ್ತದೆ. ಅಂಥ ಜೀವಕೋಶಗಳನ್ನು ಕೊಲ್ಲಲು ಎರಡೂವರೆಯಿಂದ ಮೂರು ಪಾಲು ಕಿರಣ ಬೇಕಾದೀತು. ಅಷ್ಟನ್ನು ಒಮ್ಮೆಗೇ ಕೊಟ್ಟರೆ ಸುತ್ತಲಿನ ಒಳ್ಳೆಯ ಮಾಂಸವು ಉಳಿಯದು. ಚಿಕಿತ್ಸೆಯನ್ನು ಹಲವು ವಾರಗಳ ಕಾಲ ದಿನಕ್ಕಷ್ಟಿಷ್ಟರಂತೆ ಕೊಡುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು: ಹೊರಗಿನ ಪದರವು ಸತ್ತು ಕರಗಿದಂತೆ ಒಳಗಿನದಕ್ಕೆ ಗಾಳಿ ದೊರೆತು, ಅದೂ ಕಿರಣಕ್ಕೆ ಮಣಿಯುವುದು. ಕಿರಣ ಚಿಕಿತ್ಸೆಗೆ ದಿನವೂ ಆಸ್ಪತ್ರೆಗೆ ಅಲೆಯುವ ರೋಗಿಗಳೂ ಅವರ ಮನೆಯವರೂ, ಒಂದೇ ದಿನದಲ್ಲಿ ಮುಗಿಸಬಾರದೇಕೆ ಎಂದು ಕೇಳುವುದುಂಟು. ಅವರಿಗೆ ಈ ವಿವರವನ್ನು ತಿಳಿಸಿದರೆ ಅಲೆದಾಟದ ಆಯಾಸ ಕೊಂಚ ಹಗುರವಾದೀತೆಂದು ನನ್ನ ಎಣಿಕೆ.

ಕೊನೆಯದಾಗಿ ಒಂದು ವಿನೋದ. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳು ನಮ್ಮ ಕೋಲಾರದ ಗಣಿಗಳಂತೆಯೇ ಬಹು ಆಳವಾದವು. ಅಲ್ಲಿನ ಎಂಪೊನೆಂಗ್ ಎಂಬ ಗಣಿಯಲ್ಲಿ ನೆಲದಿಂದ ೨.೮ ಕಿಲೋಮೀಟರು ಕೆಳಗೆ ಬಂಡೆಯ ಬಿರುಕಿನಿಂದ ಸುಮಾರು ೬೦ ಡಿಗ್ರಿ ಬಿಸಿಯಾದ ನೀರು ಒಸರುತ್ತಿತ್ತು. ಲಕ್ಷಾಂತರ ವರ್ಷಗಳಿಂದ ಆ ನೀರು ಮೇಲಿನ ಲೋಕವನ್ನು ಕಂಡದ್ದಲ್ಲ. ಬಿಸಿಲಿಲ್ಲ, ಎಲೆಯಿಲ್ಲ, ಕೊಳೆತ ವಸ್ತುವಿಲ್ಲ. ಆದರೂ ಅದರಲ್ಲಿ ಒಂದು ಜಾತಿಯ ಸೂಕ್ಷ್ಮಜೀವಿಗಳು ಬಾಳುತ್ತಿದ್ದುದನ್ನು ವಿದ್ವಾಂಸರು ೨೦೦೬ರಲ್ಲಿ ಪ್ರಕಟಿಸಿದರು. ೨೦೦೮ರಲ್ಲಿ ಅದರ ವಂಶಸೂತ್ರವನ್ನೆಲ್ಲ ಓದಿ, ಧೀರ ಪಯಣಿಗನೆಂಬ ಅರ್ಥ ಬರುವ ಲ್ಯಾಟಿನ್ ಹೆಸರನ್ನು ಕೊಟ್ಟರು. ಅದರ ಆಹಾರವೆಲ್ಲಿಂದ? ಬಂಡೆಯಲ್ಲಿ ಯುರೇನಿಯಂ ಇದೆ. ಅದರ ಕಿರಣಗಳು ನೀರನ್ನು ಒಡೆಯುತ್ತವೆ. ಒಡೆದ ನೀರಿನ ಪೆರಾಕ್ಸೈಡು ಮೊದಲಾದವು ಬಂಡೆಯ ಗಂಧಕವನ್ನು ಸಲ್ಫೇಟಾಗಿ ಮಾಡುತ್ತವೆ. ಜಲಜನಕವು ಹಾಗೆಯೇ ಉಳಿಯುತ್ತದೆ. ಈ ಜಲಜನಕವನ್ನು ಆ ಸಲ್ಫೇಟಿನಿಂದ ಉರಿಸಿ ಆ ಜೀವಿಯು ತನ್ನ ಸಂಸಾರವನ್ನು ನಡೆಸುತ್ತದೆ. ಗೀಸೆಲನ ಸೀಸೆಯಲ್ಲಿ ಎದ್ದ ಗುಳ್ಳೆಗಳೇ ಅದಕ್ಕೆ ಅನ್ನ.